ಪರ್ಸೀನಿನ ಕುಲ ಕೇಳಿದ ಮಾಸ್ತರು

ಮಾಬ್ಲೇಶ್ವರ ಮಾಸ್ತರು ತೀರಿಕೊಂಡು ಮೂರು ಮಳೆಗಾಲ ಹೋದವು. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎಂದು ನನ್ನ ಹೆಂಡತಿಯಿಂದ ಹಿಡಿದು ದೇವಸ್ಥಾನದ ಭಟ್ಟರವರೆಗೆ ಎಲ್ಲರೂ ಬುದ್ಧಿ ಹೇಳಿದ್ದಾರೆ. ನನಗೆ ಆಗುವುದಿಲ್ಲ. ನಮ್ಮ ಮಾವಳ್ಳಿಯ ಇಡೀ ಕೇರಿ ಅವರ ಬೆನ್ನ ಹಿಂದೆ ನಿಂತಿತ್ತು. ನಮ್ಮ ಬಾಯಾಗಿ ಮಾತಾಡಿ ಎಂದು ಅವರನ್ನು ಭಟ್ಕಳಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ, ಬೋಟಿನ ಧಣಿಗಳ ಎದುರು, ಮೇಲಿನಿಂದ ಬಂದ ಸರ್ಕಾರಿ ಸಾಹೇಬರ ಎದುರು, ‘ಪರ್ಸೀನ್ ಬಲೆಯೂ ನಮ್ಮ ರಂಪಣಿ ಬಲೆಯೂ ಒಂದೇ ಕುಲದವು’ ಎಂದುಬಿಟ್ಟರು. ಅವತ್ತು ನನ್ನ ಹೊಟ್ಟೆಯಲ್ಲಿ ಹತ್ತಿದ ಬೆಂಕಿ ಇವತ್ತಿಗೂ ಆರಿಲ್ಲ.

ಹಾಗಂತ ಅವರು ಕೆಟ್ಟವರು ಎಂದು ಯಾರಾದರೂ ಹೇಳಿದರೆ ಅವರ ಹಲ್ಲು ಉದುರಿಸುತ್ತೇನೆ. ಅವರು ಎಂಥವರು ಎನ್ನುವುದನ್ನು ನಾನೇ ಹೇಳಬೇಕು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ಮಾಸ್ತರು ಹುಟ್ಟಿದ್ದು ನಮ್ಮ ಮನೆಯ ಪಕ್ಕದ ಮನೆಯಲ್ಲಿ. ಅವರ ಅಪ್ಪ ನಮ್ಮದೇ ರಂಪಣಿಯ ಪಾಲುದಾರ. ಮಾಸ್ತರು ತೊಟ್ಟಿಲಲ್ಲಿದ್ದಾಗ ಅಲೆ ಒಡೆಯುವ ಜಾಗದಲ್ಲಿ ದೋಣಿ ಮಗುಚಿ ಅಪ್ಪ ಹೋದರು. ತಾಯಿ ಗಂಗೆ ಮೀನಿನ ಬುಟ್ಟಿ ಹೊತ್ತು ಶಿರಾಲಿಗೆ ಹೋಗಿ ಮಾರಿ ಮಗನನ್ನು ಸಾಕಿದಳು. ಹುಡುಗ ಚುರುಕು ಎಂದು ಯಾರೋ ಹೇಳಿ ಹೊನ್ನಾವರದ ಪಾದ್ರಿಯೊಬ್ಬರ ಮನೆಯಲ್ಲಿ ಕೆಲಸಕ್ಕೆ ಇಟ್ಟರು. ನೀರು ಸೇದುವುದು, ಅಂಗಳ ಗುಡಿಸುವುದು, ಉಳಿದ ಹೊತ್ತಿನಲ್ಲಿ ಶಾಲೆ. ಆ ಪಾದ್ರಿಯ ಹತ್ತಿರ ತಲೆದಿಂಬಿನಷ್ಟು ದಪ್ಪದ ಒಂದು ಇಂಗ್ಲಿಷ್ ಶಬ್ದಕೋಶ ಇತ್ತಂತೆ. ಶಬ್ದದ ಅರ್ಥ ಮಾತ್ರ ಅಲ್ಲ, ಅದು ಯಾವ ದೇಶದಲ್ಲಿ ಹುಟ್ಟಿತು, ಎಲ್ಲೆಲ್ಲಿ ತಿರುಗಾಡಿ ಬಂತು ಎನ್ನುವುದೂ ಅದರಲ್ಲಿ ಇರುತ್ತಿತ್ತಂತೆ. ನಮ್ಮ ಹುಡುಗರು ಬೀಡಿ ಕಲಿಯುವ ವಯಸ್ಸಿನಲ್ಲಿ ಮಾಸ್ತರು ಈ ಚಟ ಕಲಿತರು.

ಮುಂದೆ ಕುಮಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರಾದರು. ರಜೆಗೆ ಊರಿಗೆ ಬಂದರೆ ಬಲೆಚಪ್ಪರದಲ್ಲಿ ನಮ್ಮ ನಡುವೆ ಕೂತು, ನಾವು ಬಲೆ ಹೆಣೆಯುತ್ತಿದ್ದರೆ ಅವರು ಶಬ್ದದ ಜಾತಕ ಬಿಚ್ಚುತ್ತಿದ್ದರು. ಯಾವ ಇಂಗ್ಲಿಷ್ ಮಾತು ಕಿವಿಗೆ ಬಿದ್ದರೂ ಮೊದಲು ಕೇಳುವುದು ಅಪ್ಪ ಯಾರು, ಅಜ್ಜ ಯಾರು, ಮೂಲ ಊರು ಯಾವುದು. ಎರಡು ಶಬ್ದ ಸೇರಿ ಒಂದಾಗಿದ್ದರೆ ಅವರಿಗೆ ಹಬ್ಬ. ಅದನ್ನು ಅವರು ‘ಮದುವೆಯಾದ ಶಬ್ದ’ ಎನ್ನುತ್ತಿದ್ದರು. ಗಂಡಿನ ಕಡೆ ಯಾವ ದೇಶ, ಹೆಣ್ಣಿನ ಕಡೆ ಯಾವ ದೇಶ, ಮದುವೆ ನಡೆದದ್ದು ಯಾವಾಗ, ಎಲ್ಲ ಬೇಕು.

ನನ್ನ ಹೆತ್ತ ಆಯಿ ತಿಮ್ಮಕ್ಕನಿಗೆ ಇದು ದೊಡ್ಡ ತಮಾಷೆ. “ಮಾಸ್ತರೇ, ಊರಲ್ಲಿ ಇಷ್ಟೆಲ್ಲ ಹೆಣ್ಮಕ್ಕಳು ಮದುವೆ ಆಗದೆ ಕೂತವೆ. ನೀವು ಎಂತಕ್ಕೆ ಶಬ್ದಕ್ಕೆ ಗಂಡು ಹುಡ್ಕೂದು?” ಎನ್ನುತ್ತಿದ್ದಳು.

“ಶಬ್ದ ವರದಕ್ಷಿಣೆ ಕೇಳೂದಿಲ್ಲ ತಿಮ್ಮಕ್ಕ” ಎಂದು ಅವರು ನಗುತ್ತಿದ್ದರು.

ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ ಹೆಂಡತಿ ಲಕ್ಷ್ಮೀ ತೀರಿಹೋಗಿದ್ದಳು. ಒಬ್ಬಳೇ ಮಗಳು ಮಂಗಲಾ ಕುಮಟೆಯಲ್ಲೇ ಮದುವೆಯಾಗಿ ಇದ್ದಳು. ಮಾಸ್ತರು ಮಾವಳ್ಳಿಗೆ ವಾಪಸ್ಸು ಬಂದು ಹಳೆಯ ಮನೆಯ ಹಂಚು ಸರಿಮಾಡಿಸಿ ಉಳಿದರು. ಮೀನು ಕೊಳ್ಳುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ. ರಂಪಣಿ ಎಳೆಯುವಾಗ ಬಂದು ಹಗ್ಗಕ್ಕೆ ಕೈ ಹಾಕುತ್ತಿದ್ದರು.

ರಂಪಣಿ ಕಾಣದವರಿಗೆ ಎರಡು ಮಾತು ಹೇಳಬೇಕು. ಅದು ದಡದ ಬಲೆ. ಬಂಗಡೆ ಮೀನಿನ ಹಿಂಡು ದಡಕ್ಕೆ ಬರುವವರೆಗೆ ನಾವು ಕಾಯಬೇಕು. ಚಿಕ್ಕ ದೋಣಿಯಲ್ಲಿ ಮುಂದೆ ಹೋದವನು ನೀರಿನ ಬಣ್ಣ ಕಪ್ಪಾದದ್ದು ಕಂಡರೆ ಎದ್ದು ನಿಂತು ತಲೆವಸ್ತ್ರ ಬಿಚ್ಚಿ ಬೀಸುತ್ತಾನೆ. ‘ಮೀನು ಬಂತು, ಬಲೆ ತನ್ನಿ’ ಎಂದು ಅದರ ಅರ್ಥ. ದೊಡ್ಡ ದೋಣಿ ಹಿಂಡನ್ನು ಸುತ್ತು ಹಾಕಿ ಬಲೆ ಬಿಡುತ್ತದೆ, ಎರಡು ತುದಿಯ ಹಗ್ಗ ದಡಕ್ಕೆ ಬರುತ್ತದೆ. ಆಮೇಲೆ ಎಳೆಯುವುದು. ಊರೇ ಎಳೆಯಬೇಕು. ಅದಕ್ಕೊಂದು ಕಟ್ಟಳೆ ಇತ್ತು. ಹಗ್ಗಕ್ಕೆ ಕೈ ತಾಗಿಸಿದವನಿಗೆ ಪಾಲು ಉಂಟು. ಅವನು ಯಾವ ಜಾತಿ, ಯಾವ ಊರು ಎಂದು ಕೇಳುವ ಹಾಗಿಲ್ಲ. ಹೊಟ್ಟೆ ಹಸಿದ ದಾರಿಹೋಕನೂ ಒಂದು ಕೈ ಹಾಕಿ ನಾಲ್ಕು ಬಂಗಡೆ ಒಯ್ಯುತ್ತಿದ್ದ. ಗಂಡ ಸತ್ತವರು, ಮುದುಕರು ಹಾಗೆಯೇ ಬದುಕಿದರು.

ಎಪ್ಪತ್ತಾರರ ಸುಮಾರಿಗೆ ಹೊನ್ನಾವರದ ಕಡೆ ಪರ್ಸೀನ್ ಬೋಟು ಬಂತು. ಇಂಜಿನಿನ ಬೋಟು, ನೈಲಾನ್ ಬಲೆ. ಅದು ಕಾಯುವುದಿಲ್ಲ. ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಅದನ್ನು ಸುತ್ತುವರಿದು, ಅಡಿಯಿಂದ ಹಗ್ಗ ಬಿಗಿದು, ಮರಿ ಮೊಟ್ಟೆ ಎನ್ನದೆ ಎಲ್ಲ ಎತ್ತಿಬಿಡುತ್ತದೆ. ಒಂದೇ ಹಂಗಾಮಿನಲ್ಲಿ ನಮ್ಮ ಬಲೆ ಒಣಗಿತು. ಆ ಹೆಸರಿನ ಅರ್ಥವೂ ನಮಗೆ ಗೊತ್ತಿರಲಿಲ್ಲ. ಯಾವುದೋ ಕಂಪನಿಯ ಹೆಸರು ಎಂದು ಕೆಲವರು, ಆ ಬಲೆ ಕಂಡುಹಿಡಿದ ದೊರೆಯ ಹೆಸರು ಎಂದು ಕೆಲವರು. ಮಾಸ್ತರಿಗೆ ನಿದ್ರೆ ಹತ್ತಲಿಲ್ಲ. ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದರು. ಆ ಹಳೆಯ ಪಾದ್ರಿ ಇರಲಿಲ್ಲ, ಅವರ ಶಬ್ದಕೋಶ ಮಾತ್ರ ಇನ್ನೂ ಅಲ್ಲೇ ಇತ್ತು.

ವಾಪಸ್ಸು ಬಂದವರು ನೇರ ಬಲೆಚಪ್ಪರಕ್ಕೇ ಬಂದರು. “ಮದುವೆಯಾದ ಶಬ್ದ!” ಎಂದರು. “ಪರ್ಸು ಒಂದು, ಸೀನು ಒಂದು.”

ಆಯಿಯ ಸೊಂಟದಲ್ಲಿದ್ದ ಎಲೆಯಡಿಕೆಯ ಕವಳದ ಸಂಚಿಯನ್ನು ಕೇಳಿ ತೆಗೆದುಕೊಂಡು ಅದರ ಬಾಯಿಯ ದಾರ ಎಳೆದರು. ಸಂಚಿ ಮುದುರಿತು. “ಇದು ಪರ್ಸು. ಗ್ರೀಕರ ದೇಶದಲ್ಲಿ ಹುಟ್ಟಿದ ಶಬ್ದ. ಅಲ್ಲಿ ಅದಕ್ಕೆ ಬರೇ ತೊಗಲು ಅಂತ ಅರ್ಥ. ಲ್ಯಾಟಿನಿಗೆ ಬಂದು ತೊಗಲಿನ ಚೀಲ ಆತು. ಇಂಗ್ಲಿಷರ ಮನೆಗೆ ಬಂದು ದುಡ್ಡಿನ ಚೀಲ ಆತು.”

“ಸೀನು?” ಎಂದೆ ನಾನು.

“ಅದೂ ಗ್ರೀಕರದ್ದೇ. ದಡದಿಂದ ಎಳೆಯೂ ದೊಡ್ಡ ಬಲೆಗೆ ಅವರು ಇಟ್ಟ ಹೆಸರು. ಸಾವಿರಾರು ವರ್ಷದ ಹಿಂದೆ. ಅದರ ಅಪ್ಪ ಯಾರು ಅಂತ ಶಬ್ದಕೋಶ ಬರೆದವರಿಗೂ ಸಿಗಲಿಲ್ಲ. ಸುತ್ತು ಹಾಕಿ ಜನ ಸೇರಿ ಎಳೆಯೂದು. ಎಂತ ಬಲೆ ಹೇಳು ನೋಡ್ವ?”

ನಮ್ಮ ತಂಡೇಲ, ಅಂದರೆ ಬಲೆಯ ಯಜಮಾನ, ಮುದುಕ ಬೊಮ್ಮ ಗೋಣು ಎತ್ತಿ, “ರಂಪಣಿ” ಎಂದ.

“ಹೌದು. ಅಮೆರಿಕದ ಮೀನುಗಾರರು ನೂರು ನೂರೈವತ್ತು ವರ್ಷದ ಹಿಂದೆ ಅಂಥ ಬಲೆಯ ಅಡಿಗೆ ಸಂಚಿಯ ದಾರ ಕಟ್ಟಿದರು. ಎರಡೂ ಹಳೇ ಮನೆತನ. ಮದುವೆ ಮಾತ್ರ ಮೊನ್ನೆ ಮೊನ್ನೆ ಆದದ್ದು.”

ಆವತ್ತು ಯಾರಿಗೂ ಸಿಟ್ಟು ಬರಲಿಲ್ಲ. ನನಗೂ ಇಲ್ಲ. ಮನೆಯೊಳಗಿನ ಮಾತು ಅದು. ಆಯಿ ಸಂಚಿ ಕಸಿದುಕೊಂಡು, “ದಾರ ಕಟ್ಟಿದವನ ಕೈ ಸೇದಿಹೋಗ್ಲಿ” ಎಂದು ಶಾಪ ಹಾಕಿದಳು, ಎಲ್ಲರೂ ನಕ್ಕೆವು.

ಮುಂದಿನ ವರ್ಷ ನಗುವವರು ಉಳಿಯಲಿಲ್ಲ. ಬೋಟಿನವರು ನಮ್ಮ ದಡದ ಎದುರಿಗೇ ಬಂದು ಹಿಂಡು ಎತ್ತತೊಡಗಿದರು. ಒಂದು ದಿನವಂತೂ ಬೋಟು ತುಂಬಿದ ಮೇಲೆ ಒಬ್ಬ ಎದ್ದು ನಿಂತು ತಲೆವಸ್ತ್ರ ಬಿಚ್ಚಿ ನಮ್ಮ ಕಡೆ ಬೀಸಿದ. ‘ಮೀನು ಬಂತು, ಬಲೆ ತನ್ನಿ.’ ನಮ್ಮದೇ ಸಂಜ್ಞೆಯಲ್ಲಿ ನಮ್ಮನ್ನು ಅಣಕಿಸಿದ್ದು. ನಾನು ಕಲ್ಲು ಹಿಡಿದು ಕುತ್ತಿಗೆವರೆಗಿನ ನೀರಿಗೆ ಇಳಿದಿದ್ದೆ, ಎಳೆದು ತಂದರು. ಅದೇ ವಾರ ನನ್ನ ತಮ್ಮ ಗಣಪ ಮನೆಯಲ್ಲಿ ಬಟ್ಟೆ ಗಂಟು ಕಟ್ಟಿದ.

“ಎಲ್ಲಿಗೆ?” ಎಂದೆ.

“ಹೊನ್ನಾವರಕ್ಕೆ. ಬೋಟಿಗೆ.”

“ಯಾವ ಬೋಟಿಗೆ?”

“ಗೊತ್ತಿದ್ದೂ ಎಂತಕ್ಕೆ ಕೇಳ್ತೆ ಅಣ್ಣ? ಇಲ್ಲಿ ಕೂತು ಒಣಬಲೆ ಕಾಯೂಕೆ ನನ್ನಿಂದ ಆಗೂದಿಲ್ಲ.”

“ಹೋದ್ರೆ ಈ ಹೊಸ್ತಿಲು ದಾಟಿ ಒಳಗೆ ಬರಬೇಡ.”

“ಆತು” ಎಂದ. ಹೋದ. ಆಯಿ ಒಳಗೆ ಪಾತ್ರೆ ಕುಕ್ಕಿದಳು.

ಎಪ್ಪತ್ತೆಂಟರಲ್ಲಿ ಭಟ್ಕಳದ ಸರ್ಕಾರಿ ಬಂಗಲೆಯಲ್ಲಿ ಮೀನುಗಾರಿಕೆಯ ಸಾಹೇಬರು ಸಭೆ ಕರೆದರು. ಒಂದು ಬದಿಗೆ ಬೋಟಿನ ಧಣಿಗಳು, ಒಂದು ಬದಿಗೆ ನಾವು. ದಡದಿಂದ ಇಷ್ಟು ದೂರದ ಒಳಗೆ ಪರ್ಸೀನ್ ಬರಬಾರದು ಎನ್ನುವುದೊಂದೇ ನಮ್ಮ ಬೇಡಿಕೆ. ನಮ್ಮ ಪರವಾಗಿ ಮಾಸ್ತರು ಎದ್ದರು. ಶುಭ್ರವಾದ ಧೋತ್ರ, ಕಪ್ಪು ಟೊಪ್ಪಿಗೆ. ನನಗೆ ಎದೆ ಉಬ್ಬಿತ್ತು.

ಸಾಹೇಬರು ಸುಮ್ಮನೆ ಕೇಳಿದರು: “ಮಾಸ್ತರೇ, ಈ ಪರ್ಸೀನ್ ಅಂದರೆ ಏನು? ಸ್ವಲ್ಪ ಬಿಡಿಸಿ ಹೇಳಿ.”

ಅಷ್ಟೇ ಸಾಕಾಯಿತು. ಅವರ ಕಣ್ಣು ಹೊಳೆದದ್ದನ್ನು ನಾನು ಕಂಡೆ. ಗ್ರೀಕರ ದೇಶ ಬಂತು, ತೊಗಲು ಬಂತು, ಅಮೆರಿಕ ಬಂತು. ‘ಸೀನು ಅಂದರೆ ನಮ್ಮ ರಂಪಣಿಯಂಥ ಬಲೆ’ ಎನ್ನುವಲ್ಲಿಗೆ ಮಾತು ಬಂದಾಗ ಹೊನ್ನಾವರದ ಒಬ್ಬ ಧಣಿ ಕುರ್ಚಿಯ ತುದಿಗೆ ಸರಿದು ಕೂತ.

“ಅಂದ್ರೆ ಎರಡೂ ಒಂದೇ ಕುಲ ಅಂದ ಹಾಗಾತು. ಹೌದಾ, ಅಲ್ದಾ ಮಾಸ್ತರೇ?”

“ಕುಲ ಒಂದೇ. ಆದರೆ...”

“ಆದರೆ ಬೇಡ. ಸಾಹೇಬರೇ, ಕೇಳಿದ್ರಲ್ಲ? ಇವರ ಮಾಸ್ತರೇ ಒಪ್ಪಿದರು. ಅಜ್ಜ ಸಮುದ್ರದಲ್ಲಿ ಮೀನು ಹಿಡೀಬಹುದು, ಮೊಮ್ಮಗ ಹಿಡೀಬಾರದು, ಇದೆಂತ ನ್ಯಾಯ?”

ಧಣಿಗಳ ಸಾಲು ಘೊಳ್ಳೆಂದು ನಕ್ಕಿತು. ಸಾಹೇಬರೂ ನಕ್ಕರು. ನಗು ನಿಲ್ಲುವ ಮೊದಲೇ ಮಾಸ್ತರು ಕೂತುಬಿಟ್ಟರು. ಆ ‘ಆದರೆ’ಯ ಮುಂದೆ ದೊಡ್ಡ ಮಾತಿತ್ತು ಎಂದು ಆಮೇಲೆ ಬಸ್ಸಿನಲ್ಲಿ ನಮಗೆ ಹೇಳಿದರು. ದಡದ ಬಲೆಗೆ ಅಡಿಯಲ್ಲಿ ದಾರ ಇಲ್ಲ, ಅದು ಆಳದ ಮೀನನ್ನು ಬಿಟ್ಟು ಬಿಡುತ್ತದೆ, ಕೇಡು ಬಂದದ್ದು ಸಂಚಿಯ ಮನೆತನದಿಂದ ಎಂದು ಹೇಳುವವರಿದ್ದರಂತೆ. ಬಸ್ಸಿನಲ್ಲಿ ಹೇಳಿ ಯಾರಿಗೆ ಬೇಕು? ನಾನು ಬಸ್ಸಿನಲ್ಲೇ ಎದ್ದು ಕಿರುಚಿದೆ: “ಬಾಯಿ ಮುಚ್ಚಿ! ‘ಅಲ್ಲ’ ಅಂತ ಒಂದು ಮಾತು ಹೇಳೂಕೆ ನಿಮ್ಮ ಗಂಟಲಿಗೆ ಎಂತಾಗಿತ್ತು?”

“ಅಲ್ಲ ಅಂದ್ರೆ ಸುಳ್ಳಾಗ್ತದೆ ನಾಗ” ಎಂದರು.

“ನಮ್ಮ ಮಕ್ಕಳ ಗಂಜಿಗಿಂತ ಆ ಗ್ರೀಕರ ಸತ್ಯ ಹೆಚ್ಚಾತಾ?”

ಆ ಸಭೆಯ ತೀರ್ಮಾನ ನಮ್ಮ ಕೇರಿಗೆ ತಲುಪಲೇ ಇಲ್ಲ.

ಮರುದಿನ ಬಲೆಚಪ್ಪರದಲ್ಲಿ ಪಾಲುದಾರರೆಲ್ಲ ರಂಪಣಿಯ ಹಗ್ಗ ಹಿಡಿದು ಆಣೆ ಮಾಡಿದೆವು. ಪರ್ಸೀನ್ ಬೋಟಿಗೆ ನೀರು ಕೊಡುವುದಿಲ್ಲ, ಬೆಂಕಿ ಕೊಡುವುದಿಲ್ಲ, ಹಗ್ಗ ಕೊಡುವುದಿಲ್ಲ. ಮಾಸ್ತರೂ ಬಂದು ಕೈ ಚಾಚಿದರು. ನಾನು ಹಗ್ಗವನ್ನು ಆಚೆ ಸರಿಸಿ, “ನಿಮ್ಮ ಕೈ ಬೇಡ” ಎಂದೆ. ಬೊಮ್ಮ ತಲೆಯಾಡಿಸಿದ. ತಂಡೇಲ ತಲೆಯಾಡಿಸಿದ ಮೇಲೆ ಮುಗಿಯಿತು. ಅಂದಿನಿಂದ ಅವರ ಕೈ ನಮ್ಮ ಹಗ್ಗಕ್ಕೆ ತಾಗುವ ಹಾಗಿರಲಿಲ್ಲ. ಕೈ ತಾಗದವನಿಗೆ ಪಾಲಿಲ್ಲ, ಪಾಲಿಲ್ಲದವನು ಕೇರಿಯವನಲ್ಲ. ಅವರ ಅಂಗಳಕ್ಕೆ ಹೋಗುವುದನ್ನು ಎಲ್ಲರೂ ಬಿಟ್ಟರು. ನಾನು ಆಡಿದ ಆ ಮಾತನ್ನು ಈಗಲೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಅವತ್ತಿಗೆ ಅದು ಸರಿಯಾಗಿಯೇ ಇತ್ತು.

ಮಾಸ್ತರು ಬೇಡಿಕೊಳ್ಳಲಿಲ್ಲ, ಊರೂ ಬಿಡಲಿಲ್ಲ. ದಿನಾ ಸಂಜೆ ದಡದ ತೆಂಕು ತುದಿಗೆ ಹೋಗಿ ಒಬ್ಬರೇ ಕೂರುತ್ತಿದ್ದರು. ನಾವು ಬಲೆ ಹಾಕಿದ ದಿನ ದೂರದಿಂದ ನೋಡುತ್ತಿದ್ದರು. ಎಳೆಯುವ ಕೂಗು ಏರಿದಾಗ ಅವರ ಮುಷ್ಟಿ ತನ್ನಷ್ಟಕ್ಕೆ ಬಿಗಿಯುತ್ತಿತ್ತು ಎಂದು ಆಯಿ ಹೇಳುತ್ತಿದ್ದಳು. ಅವಳೊಬ್ಬಳು ಕದ್ದು ನೋಡುತ್ತಿದ್ದಳು.

ಮುಂದಿನ ಮೇ ತಿಂಗಳ ಕೊನೆ. ಮಳೆಗಾಲ ಬಾಗಿಲಿಗೆ ಬಂದಿತ್ತು. ಮಧ್ಯಾಹ್ನದ ಊಟ ಮುಗಿಸಿ ನಾವೆಲ್ಲ ಬಲೆಯನ್ನು ಚಪ್ಪರದ ಒಳಗೆ ಮಡಚಿ ಇಡುತ್ತಿದ್ದೆವು. ಒಮ್ಮೆಲೇ ಗಾಳಿ ಎದ್ದಿತು. ಪಡುವಣದ ಆಕಾಶ ಮಸಿ ಬಳಿದ ಹಾಗೆ. ನೋಡಿದರೆ, ಮುರ್ಡೇಶ್ವರದ ಗುಡ್ಡದ ಬಡಗು ಮಗ್ಗುಲಿನಲ್ಲಿ, ಬಂಡೆಗಳಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ ಒಂದು ಪರ್ಸೀನ್ ಬೋಟು. ಹಸಿರು ಬಣ್ಣ. ಗಣಪ ಕೆಲಸ ಮಾಡುವ ಬೋಟು ಅದೇ ಎಂದು ಎಲ್ಲರಿಗೂ ಗೊತ್ತು. ಬೋಟಿನ ಮೇಲೆ ಒಬ್ಬ ನಿಂತು ತಲೆವಸ್ತ್ರ ಬೀಸುತ್ತಿದ್ದ.

“ಕಂಡ್ರಾ?” ಎಂದೆ. “ಈ ಗಾಳಿಯಲ್ಲೂ ಅಣಕಿಸೂಕೆ ಬಂದವೆ.”

“ಮಳೆಗಾಲಕ್ಕೆ ಮುಂಚೆ ಕಡೇ ಹಿಂಡು ಸಿಕ್ಕಿರಬೇಕು. ತೋರಿಸೂದು” ಎಂದ ಮತ್ತೊಬ್ಬ.

ಇನ್ನೊಬ್ಬನೂ ಎದ್ದು ಬೀಸಿದ. ನಾನು ಲುಂಗಿ ಎತ್ತಿ ಕಟ್ಟಿ ಕಲ್ಲು ಆರಿಸಿದೆ. ಕಲ್ಲು ಅಷ್ಟು ದೂರ ಹೋಗುವುದಿಲ್ಲ ಎಂದು ಗೊತ್ತಿತ್ತು. ಬೊಮ್ಮ ಆ ಕಡೆಗೆ ಬೆನ್ನು ತಿರುಗಿಸಿ ಕೂತ. “ನೋಡಬೇಡಿ. ನೋಡಿದ್ರೆ ಅವರಿಗೆ ಖುಷಿ.”

ಆಗ ಮಾಸ್ತರು ಮರಳಿನ ಮೇಲೆ ಓಡಿಬರುವುದು ಕಂಡಿತು. ಅರವತ್ತು ದಾಟಿದ ಮನುಷ್ಯ, ಧೋತ್ರ ಬಿಚ್ಚಿಹೋಗಿ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಚಪ್ಪರದ ಕಂಬ ಹಿಡಿದು ಏದುಸಿರು ಬಿಟ್ಟರು.

“ಅದು ಅಣಕ ಅಲ್ಲ. ಬೋಟು ಅಡ್ಡ ತಿರುಗಿ ಬಿದ್ದದೆ. ಇಂಜಿನ್ ಸದ್ದಿಲ್ಲ. ಬಂಡೆಗೆ ಹೋಗ್ತಾ ಉಂಟು.”

ನಾವು ತಿರುಗಿ ನೋಡಿದೆವು. ಹೌದು. ಸಮುದ್ರದಲ್ಲಿ ಹುಟ್ಟಿ ಬೆಳೆದ ಇಷ್ಟು ಜನರ ಕಣ್ಣಿಗೆ ಅದು ಮೊದಲೇ ಕಾಣಬೇಕಿತ್ತು. ಗಾಳಿಗೆ ಮೂತಿ ಕೊಡದೆ ಅಡ್ಡ ಮಲಗಿದ ಬೋಟು, ಹಿಂದುಗಡೆ ನೀರಿನಲ್ಲಿ ಅವರದೇ ಬಲೆ ಹಾಸಿಕೊಂಡಿತ್ತು. ಬಲೆ ನೀರಡಿಯ ಪಂಖಕ್ಕೆ ಸುತ್ತಿ ಇಂಜಿನ್ ನಿಂತಿರಬೇಕು. ಸಿಟ್ಟಿಲ್ಲದ ಯಾವ ಕಣ್ಣಿಗೂ ಕಾಣುವಂಥದ್ದು. ನಮಗೆ ಬೀಸಿದ ಬಟ್ಟೆ ಒಂದೇ ಕಂಡಿತ್ತು.

“ಹಗ್ಗ ಬೇಕು” ಎಂದರು ಮಾಸ್ತರು. “ರಂಪಣಿ ಹಗ್ಗ ಬಿಟ್ರೆ ಬೇರೆ ಯಾವುದೂ ಅಷ್ಟು ಉದ್ದ ಇಲ್ಲ. ಅಲ್ಲಿಗೆ ಮುಟ್ಟಿಸಿ ದಡದಿಂದ ಎಳೆದ್ರೆ ಮರಳಿಗೆ ಬತ್ತದೆ.”

ಬೊಮ್ಮ ಕೂತಲ್ಲಿಂದಲೇ, “ಆಣೆ ಉಂಟು” ಎಂದ.

“ಜೀವ ಹೋಗ್ತದೆ ಬೊಮ್ಮ.”

“ಆಣೆ ಮುರಿದ್ರೆ ನಮ್ಮ ಬಲೆಯ ಜೀವ ಹೋಗ್ತದೆ. ನಿಮಗೆ ಎಂತ ಗೊತ್ತು? ನಿಮ್ಮ ಅಜ್ಜ ಮೊಮ್ಮಗನ ಕತೆ ಇಲ್ಲಿ ಬೇಡ.”

ನಾನು ಗಣಪನ ಬೋಟಿನ ಕಡೆ ನೋಡಿದೆ, ಬೊಮ್ಮನ ಕಡೆ ನೋಡಿದೆ. ಹೊಸ್ತಿಲು ದಾಟಬೇಡ ಎಂದವನು ನಾನು. ಆಣೆಗೆ ಮೊದಲು ಕೈ ಹಾಕಿದವನೂ ನಾನೇ. ದೊಡ್ಡ ಅಲೆಯೊಂದು ಬೋಟನ್ನು ಎತ್ತಿ ಬಂಡೆಯ ಕಡೆಗೆ ಇನ್ನಷ್ಟು ತಳ್ಳಿತು.

ಮಾಸ್ತರು ಧೋತ್ರವನ್ನು ಗಂಟು ಹಾಕಿ ಬಿಗಿದರು. “ಆಣೆ ಮಾಡಿದವರು ನೀವು. ನನ್ನ ಕೈ ಬೇಡ ಅಂದ್ರಿ. ನಾನು ಆಣೆ ಮಾಡಲಿಲ್ಲ. ನೀವು ಹಗ್ಗ ಕೊಡೂದು ಬೇಡ. ನಾನು ತಕೊಂಡು ಹೋಗ್ತೆ” ಎಂದು ಹಗ್ಗದ ಸುರುಳಿಗೆ ಕೈ ಹಾಕಿದರು.

“ಮುಟ್ಟಬೇಡಿ!” ಎಂದು ಯಾರೋ ಕೂಗಿದರು. ಅವರು ಎಳೆದರು. ಕತ್ತದ ಹಗ್ಗ, ಎತ್ತಿನ ಗಾಡಿಯಷ್ಟು ಭಾರ. ಅಲ್ಲಾಡಲಿಲ್ಲ. ಕಾಲು ಮರಳಿನಲ್ಲಿ ಹೂತಿತು. ಮತ್ತೆ ಎಳೆದರು, ಮಂಡಿ ಊರಿ ಬಿದ್ದರು.

ನಮ್ಮ ಆಯಿ ಅಲ್ಲೇ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಬುಟ್ಟಿ ಬೀಸಾಡಿ ಬಂದಳು. “ಬೊಮ್ಮಣ್ಣ, ಆಣೆ ಹಾಕೂಕೆ ನಮ್ಮನ್ನ ಯಾರೂ ಕರೀಲಿಲ್ಲ. ಹೆಂಗಸರು ಬಲೆಯ ಪಾಲುದಾರರಲ್ಲ ಅಂತ ನೀವೇ ಹೊರಗೆ ನಿಲ್ಲಿಸಿದ್ದು. ಈಗ ಅಡ್ಡ ಬಂದ್ರೆ ಈ ಮೀನುಕತ್ತಿ ಕಾಣ್ತದಾ?” ಎಂದವಳು ಮಾಸ್ತರ ಪಕ್ಕ ಹಗ್ಗ ಹಿಡಿದಳು. ಅವಳ ಹಿಂದೆ ಕೇರಿಯ ಹೆಂಗಸರು ಸೀರೆ ಕಚ್ಚೆ ಕಟ್ಟಿ ಬಂದರು. ಸುರುಳಿ ಹೊರಳಿತು.

ನನ್ನ ಕಾಲಿಗೆ ಆಗ ಜೀವ ಬಂತು. ಆಣೆಯಲ್ಲಿ ದೋಣಿಯ ಮಾತು ಇರಲಿಲ್ಲ. ಚಿಕ್ಕ ದೋಣಿಯನ್ನು ನೀರಿಗೆ ತಳ್ಳಿದೆ. ನನ್ನ ಜೊತೆ ಶುಕ್ರ ಎನ್ನುವವನು ಹಾರಿದ, ಅವನಿಗೆ ಹುಟ್ಟು ಹಾಕುವುದರಲ್ಲಿ ನನ್ನಷ್ಟೇ ಹುಚ್ಚು. ಮಾಸ್ತರು ಎದೆಯವರೆಗಿನ ನೀರಿಗೆ ಬಂದು ಹಗ್ಗದ ತುದಿಯನ್ನು ದೋಣಿಯ ಹಿಂಬದಿಗೆ ಕಟ್ಟಿದರು. ಆ ಹೊತ್ತಿನಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅಲೆ ಮೂರು ಸಲ ನಮ್ಮನ್ನು ಹಿಂದಕ್ಕೆ ಎಸೆಯಿತು. ಹೇಗೆ ದಾಟಿದೆವೋ ನನಗೆ ಗೊತ್ತಿಲ್ಲ. ಬೋಟಿನ ಹತ್ತಿರ ಹೋದಾಗ ಮೇಲಿನಿಂದ ಹತ್ತಾರು ಮುಖ. ಅದರಲ್ಲಿ ಗಣಪನದು ಬಿಳಚಿಕೊಂಡಿತ್ತು.

“ಅಣ್ಣಾ!” ಎಂದ.

“ಅಣ್ಣ ಸತ್ತ. ಹಗ್ಗ ಹಿಡಿ, ಮೂತಿಗೆ ಕಟ್ಟು” ಎಂದು ಬೈದೆ. ಕಟ್ಟಿದ. ನಾನು ಎದ್ದು ನಿಂತು ತಲೆವಸ್ತ್ರ ಬಿಚ್ಚಿ ದಡಕ್ಕೆ ಬೀಸಿದೆ.

ಹಗ್ಗ ಬಿಗಿಯಿತು. ದೋಣಿಯಿಂದ ನೋಡಿದರೆ ದಡದಲ್ಲಿ ಸೀರೆಗಳ ಸಾಲು, ಎಲ್ಲರ ಮುಂದೆ, ನೀರಿನೊಳಗೆ, ಒಂದು ಬಿಳಿ ಧೋತ್ರ. ಬೋಟು ಒಂದು ಮಾರು ತಿರುಗಿತು. ಮತ್ತೆ ಅಲೆ ಬಂತು, ಬೋಟಿನ ಭಾರಕ್ಕೆ ಹೆಂಗಸರ ಸಾಲು ಸಾಲೇ ನೀರಿಗೆ ಜಾರಿತು. ಇಬ್ಬರು ಬಿದ್ದರು. ಮಾಸ್ತರು ಕುತ್ತಿಗೆವರೆಗೆ ಮುಳುಗಿದರು. ಕೈ ಬಿಡಲಿಲ್ಲ.

ಆಮೇಲೆ ನಡೆದದ್ದನ್ನು ಆಯಿ ಹೇಳಿದ್ದು. ಬೊಮ್ಮ ಎದ್ದು ಬಂದನಂತೆ. ಹಗ್ಗ ಮರಳಿನ ಮೇಲೆ ಹಾವಿನ ಹಾಗೆ ಸಮುದ್ರಕ್ಕೆ ಹರಿದುಹೋಗುವುದನ್ನು ಒಂದು ಗಳಿಗೆ ನೋಡಿದನಂತೆ. “ನಮ್ಮ ಹಗ್ಗ ಹೋಗ್ತಾ ಉಂಟು! ಹಿಡೀರಿ ಮಕ್ಕಳೇ!” ಎಂದು ಕೂಗಿ ತಾನೇ ಅದರ ಮೇಲೆ ಬಿದ್ದನಂತೆ. ಗಂಡಸರೆಲ್ಲ ಬಂದರು. ಎಳೆಯುವ ಹಾಡು ಶುರುವಾದದ್ದು ನನಗೂ ಕೇಳಿಸಿತು, ಗಾಳಿಯ ನಡುವೆ, ತುಂಡು ತುಂಡಾಗಿ.

ಬಂಡೆಯನ್ನು ಒಂದು ಬದಿಗೆ ಸವರಿ, ಹಲಗೆ ಸೀಳಿಸಿಕೊಂಡು, ಬೋಟು ಮರಳಿಗೆ ಬಂದು ಕೂತಿತು. ಒಂದು ಜೀವವೂ ಹೋಗಲಿಲ್ಲ. ಗಣಪ ಇಳಿದು ಬಂದು ಆಯಿಯ ಕಾಲ ಬುಡದಲ್ಲಿ ಕೂತ. ಅವಳು ಅವನ ಕೆನ್ನೆಗೆ ಒಂದು ಕೊಟ್ಟು ಆಮೇಲೆ ಅತ್ತಳು. ಬೋಟಿನವರು ಕೈ ಮುಗಿದು ನಿಂತಿದ್ದರು, ಅವರ ಕಡೆ ಯಾರೂ ನೋಡಲಿಲ್ಲ.

ಮಾಸ್ತರು ಮರಳಿನ ಮೇಲೆ ಕೂತಿದ್ದರು. ಎರಡೂ ಅಂಗೈಯ ಚರ್ಮ ಸುಲಿದಿತ್ತು. ಕೈ ಮೇಲೆ ಮಾಡಿ ಹಿಡಿದಿದ್ದರು. ಬೊಮ್ಮ ಅವರ ಎದುರು ಹೋಗಿ ನಿಂತ. ತಂಡೇಲ ಎಲ್ಲರೆದುರು ಮಾತು ಕೊಟ್ಟರೆ ಬಲೆಯೇ ಕೊಟ್ಟ ಹಾಗೆ.

“ಮಾಸ್ತರೇ, ಇನ್ನು ಬಲೆ ಹಾಕಿದ ದಿನ ಹಗ್ಗಕ್ಕೆ ನಿಮ್ಮ ಕೈಯೇ ಮೊದಲು. ಮೊದಲ ಪಾಲೂ ನಿಮ್ಮದೇ.”

“ಇವತ್ತು ಹಿಡಿದೆನಲ್ಲ” ಎಂದರು ಮಾಸ್ತರು.

“ಇವತ್ತಿನದು ಲೆಕ್ಕಕ್ಕಿಲ್ಲ. ಇವತ್ತು ನೀವು ಹಗ್ಗ ತಕೊಂಡು ಹೋದ್ರಿ. ನಾವು ಕೊಡಲಿಲ್ಲ. ನಾವು ಕೊಟ್ಟು ನೀವು ಹಿಡೀಬೇಕು. ಆಗ ನೀವು ಬಲೆಯವರು.”

“ಆತು” ಎಂದರು ಅವರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಕಡೆ ನೋಡಿದರು. ಗಣಪನ ಜೀವಕ್ಕೆ ಕೈ ಮುಗಿಯಬೇಕೆಂದು ಎದ್ದ ನನ್ನ ಬಾಯಲ್ಲಿ ಬಂದದ್ದು, “ಭಟ್ಕಳದ ಮಾತು ನಾನು ಮರ್ತಿಲ್ಲ” ಎಂಬುದು.

“ಮರೀಬೇಡ. ನಂಗೂ ಮರೆಯೂಕೆ ಆಗೂದಿಲ್ಲ” ಎಂದರು.

ಆ ಮಳೆಗಾಲ ಮುಗಿದು ಬಂಗಡೆಯ ಕಾಲ ಬಂತು. ದೋಣಿ ತೊಳೆದು, ಬಲೆಗೆ ಪೂಜೆ ಮಾಡಿ ಕಾದೆವು. ಮಾಸ್ತರು ಬೆಳಗಾದರೆ ಚಪ್ಪರಕ್ಕೆ ಬರುತ್ತಿದ್ದರು. ಹಿಂಡು ಬರಲಿಲ್ಲ. ಮುಂದಿನ ವರ್ಷವೂ ಕಾದೆವು. ಒಮ್ಮೆ ನೀರಿನಲ್ಲಿ ಚೂರು ಬಣ್ಣ ಕಂಡು ಬೊಮ್ಮ ದೋಣಿ ಇಳಿಸಿ ಎಂದ, ದೋಣಿ ಇಳಿಯುವಷ್ಟರಲ್ಲಿ ಇಂಜಿನಿನ ಸದ್ದು ಕೇಳಿತು, ಬಣ್ಣ ಮಾಯ. ಹೀಗೆಯೇ ಕಾಲ ಹೋಯಿತು. ಬೊಮ್ಮ ಹಾಸಿಗೆ ಹಿಡಿದ, ಹೋದ. ಎಂಬತ್ತೆರಡರಲ್ಲಿ ಪಾಲುದಾರರು ಸೇರಿ ಬಲೆಯನ್ನು ಕತ್ತರಿಸಿ ಹಂಚಿಕೊಂಡೆವು. ಕೆಲವರು ಅದನ್ನು ಕೋಳಿಗೂಡಿಗೆ ಕಟ್ಟಿದರು, ಕೆಲವರು ತರಕಾರಿ ಗಿಡದ ಬೇಲಿಗೆ. ಬಲೆ ಕತ್ತರಿಸುವ ದಿನ ಮಾಸ್ತರು ಬರಲಿಲ್ಲ. ಕೆಮ್ಮು ಹೆಚ್ಚಾಗಿ ಅವರನ್ನು ಮಂಗಲಾ ಕುಮಟೆಗೆ ಕರೆದುಕೊಂಡು ಹೋಗಿದ್ದಳು.

ಗಣಪ ಅದೇ ಬೋಟಿನಲ್ಲಿ ಉಳಿದ, ಮುಂದೆ ಅದರ ತಂಡೇಲನೂ ಆದ. ಎಂಬತ್ತೈದರ ಶುರುವಿನಲ್ಲಿ ಅವನ ಬೋಟಿಗೆ ಒಳ್ಳೆಯ ಬಂಗಡೆ ಸಿಕ್ಕಿತು. ನಾನು ಬುಟ್ಟಿ ತುಂಬ ಆರಿಸಿ, ಮೇಲೆ ಐಸು ಹಾಕಿ, ಕುಮಟೆಯ ಬಸ್ಸು ಹತ್ತಿದೆ. ಮಾಸ್ತರು ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಮುಖ ಬತ್ತಿತ್ತು. ಬುಟ್ಟಿಯನ್ನು ಅವರೆದುರು ಇಳಿಸಿದೆ.

“ಎಂತ ಇದು ನಾಗ?”

“ನಿಮ್ಮ ಪಾಲು. ಬೊಮ್ಮಜ್ಜ ಹೇಳಿದ್ದು.”

ಅವರು ಒಂದು ಮೀನನ್ನು ಎತ್ತಿ ನೋಡಿದರು. “ಯಾವ ಬಲೆಯದ್ದು?”

“ಗಣಪನ ಬೋಟಿನದ್ದು.”

ಮೀನನ್ನು ಮತ್ತೆ ಬುಟ್ಟಿಯಲ್ಲಿಟ್ಟರು. ನನಗೆ ರೇಗಿತು. “ಎಂತಾತು? ಕುಲ ಒಂದೇ ಅಂತ ಸಭೆಯಲ್ಲಿ ಹೇಳಿದವರು ನೀವೇ ಅಲ್ದಾ? ಹಾಗಿದ್ರೆ ತಕೊಳ್ಳಿ!”

“ಕುಲ ಒಂದೇ. ಈಗಲೂ ಹೇಳ್ತೆ” ಎಂದರು. ಕೆಮ್ಮು ನಿಲ್ಲುವವರೆಗೆ ಕೈ ಎತ್ತಿ ನನ್ನನ್ನು ತಡೆದರು. “ಆದರೆ ಈ ಹಗ್ಗ ನಾನು ಹಿಡಿದದ್ದಲ್ಲ ತಮ್ಮಾ. ಹಿಡಿಯದ ಹಗ್ಗದ ಪಾಲು ತಕೊಂಡ್ರೆ ನಾನು ಎಂತ ರಂಪಣಿಯವ?”

ಒಳಗಿನಿಂದ ಮಂಗಲಾ ಬಂದಳು. “ಅಪ್ಪ, ನಾಗಣ್ಣ ಅಷ್ಟು ದೂರದಿಂದ ತಂದದ್ದು...”

“ಅಂವಗೆ ಚಾ ಕೊಡು. ಊಟ ಹಾಕು. ಮೀನು ಬೇಡ.”

ನಾನು ಚಾ ಕುಡಿಯಲಿಲ್ಲ. ಬುಟ್ಟಿ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದು, ಅಲ್ಲಿ ಕೂತಿದ್ದ ಮೀನಿನ ಹೆಂಗಸಿಗೆ ಬುಟ್ಟಿ ಸಮೇತ ಕೊಟ್ಟು ಮನೆಗೆ ಬಂದೆ. ಆ ವರ್ಷದ ಮಳೆ ಬೀಳುವ ಮೊದಲೇ ಮಾಸ್ತರು ಹೋದರು.

ಗಣಪ ನನಗೆ ಆಗಾಗ ಹೇಳುತ್ತಾನೆ: “ಅಣ್ಣ, ಅವರ ಮೇಲೆ ನಿಂಗೆ ಭಟ್ಕಳದ ಸಿಟ್ಟುಂಟು. ಅವರಿಗೆ ನಾವು ಕೊಡಬೇಕಾದ್ದೂ ಉಂಟು. ಎರಡನ್ನೂ ಒಂದಕ್ಕೊಂದು ವಜಾ ಮಾಡಿ ಬಿಡು.” ಹಾಗೆ ಆಗುವುದಿಲ್ಲ ಎಂದು ಅವನ ಮೇಲೂ ರೇಗುತ್ತೇನೆ. ಸಿಟ್ಟು ನನ್ನದು, ನಾನು ಬದುಕಿರುವವರೆಗೆ ನನ್ನ ಹತ್ತಿರ ಇರುತ್ತದೆ. ಆ ಪಾಲು ಬಲೆಯದ್ದು. ಅದನ್ನು ಕೊಡಬೇಕಾದರೆ ರಂಪಣಿ ನೀರಿಗೆ ಬೀಳಬೇಕು, ಹಗ್ಗ ದಡಕ್ಕೆ ಬರಬೇಕು, ನಾವು ಅದನ್ನು ಎತ್ತಿ ಮಾಸ್ತರ ಕೈಗೆ ಕೊಡಬೇಕು. ಬಲೆಯೂ ಇಲ್ಲ, ಬೊಮ್ಮನೂ ಇಲ್ಲ, ಆ ಕೈಯೂ ಇಲ್ಲ. ಮಾವಳ್ಳಿಯ ರಂಪಣಿ ಆ ಒಂದು ಪಾಲನ್ನು ಕೊಡದೆಯೇ ಮುಗಿಯಿತು.